ಅಕ್ಕನಿಗೆ ತೋರಿಸದ ಬೆಟ್ಟ

ಮಲೆ ಮಹದೇಶ್ವರನ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೀಯ ಎಂದು ಯಾರಾದರೂ ಕೇಳಿದರೆ ನನಗೆ ಲೆಕ್ಕ ಸಿಗುವುದಿಲ್ಲ. ಬೆಟ್ಟ ನೋಡುವುದಕ್ಕೆ ಹೇಗಿದೆ ಎಂದು ಕೇಳಿದ್ದರೆ, ಹೋದ ವರ್ಷದವರೆಗೆ ಅದೂ ಗೊತ್ತಿರಲಿಲ್ಲ. ಹೋಗುವುದು, ಮೂರು ಕಲ್ಲು ಇಟ್ಟು ಒಲೆ ಹೂಡುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆದು ಟೆಂಪೋ ಹತ್ತುವುದು. ನಂಜನಗೂಡು ಕಡೆಯ ನಮ್ಮಂಥ ಹೆಂಗಸರು ಮಾದಪ್ಪನ ಬೆಟ್ಟವನ್ನು ಕಂಡಿರುವುದು ಒಲೆಯ ಹೊಗೆಯಲ್ಲೇ.

ನಾಲ್ಕು ವರ್ಷದ ಹಿಂದೆ ನಮ್ಮ ಹಸು ಕರು ಹಾಕಲಾರದೆ ಹಗಲೆಲ್ಲ ಒದ್ದಾಡಿತು. ದನದ ಡಾಕ್ಟರು ಆಸೆ ಬಿಡಿ ಎಂದರು. ನಾನು ಕೊಟ್ಟಿಗೆಯಲ್ಲೇ ನಿಂತು, ಇದು ಉಳಿದರೆ ಬೆಟ್ಟದಲ್ಲಿ ನೂರೊಂದು ಜನಕ್ಕೆ ಪರ ಮಾಡುತ್ತೇನಪ್ಪ ಎಂದು ಹರಸಿಕೊಂಡೆ. ಪರ ಎಂದರೆ ಬೆಟ್ಟದ ಮೇಲೆ ನಾವೇ ಅಡುಗೆ ಮಾಡಿ, ಬಂದ ಭಕ್ತರನ್ನು ಕೂರಿಸಿ ಎಲೆ ಹಾಕಿ ಬಡಿಸುವುದು. ಹಸು ಉಳಿಯಿತು. ಕಾರ್ತಿಕದ ಒಂದು ಸೋಮವಾರ ಪರ ಎಂದು ಗೊತ್ತುಮಾಡಿ, ಭಾನುವಾರವೇ ಟೆಂಪೋದಲ್ಲಿ ಹೊರಟೆವು.

ನನ್ನ ಅಕ್ಕನನ್ನು ಬನ್ನೂರಿಗೆ ಕೊಟ್ಟಿದೆ. ಅವಳು ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು ನಮ್ಮ ಟೆಂಪೋ ಹತ್ತಿದಳು. ಹತ್ತುವಾಗ ಮೆಟ್ಟಿಲು ಸಿಗದೆ ಅವಳ ಕಾಲು ಎರಡು ಸಲ ಗಾಳಿಯಲ್ಲೇ ತಡಕಾಡಿತು.

"ಯಾಕಕ್ಕ, ಮಂಡಿ ನೋವಾ?"

"ಮಂಡಿಯಲ್ಲ ಕಣೆ, ಕಣ್ಣು. ಸಕ್ಕರೆ ಕಾಯ್ಲೆ ಕಣ್ಣಿಗೆ ಇಳ್ಕಂಡದಂತೆ. ನೋಡೋದ್ನೆಲ್ಲ ಈಗ್ಲೇ ನೋಡ್ಕಬುಡಿ ಅಂದ್ರು ಮೈಸೂರ್ ಡಾಕ್ಟ್ರು."

"ಡಾಕ್ಟ್ರು ಅಂಗೇ ಎದರುಸ್ತಾರೆ ಬುಡು," ಅಂದೆ.

ಕೊಳ್ಳೇಗಾಲ ದಾಟಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಅಪ್ಪ ನಮ್ಮಿಬ್ರುನೂ ನಡೆಸ್ಕಂಡು ಬಂದಿದ್ನಲ್ಲ, ನೆಪ್ಪದಾ? ಕಾಲ್ದಾರಿ ತಿರುವ್ನಲ್ಲಿ ಒಂದು ಚಪ್ಪಡಿ ಕಲ್ಲು. ಅಲ್ಲಿ ಕುಂತ್ಕಂಡು ಬೆಳಿಗ್ಗೆ ಒತ್ನಲ್ಲಿ ಒಂದ್ಸಲ ಬೆಟ್ಟ ನೋಡ್ಬೇಕು. ಮೆಟ್ಲು ಸರ್ಯಾಗಿ ಕಾಣಕಿಲ್ಲ ನಂಗೆ. ನೀ ಒಸಿ ಕೈ ಇಡ್ಕಂಡ್ರೆ ಸಾಕು."

ನನಗೆ ನೆನಪಿದ್ದದ್ದು ಕಾಲಲ್ಲಿ ಎದ್ದ ಬೊಬ್ಬೆ ಮತ್ತು ಅಪ್ಪ ಕೊಡಿಸಿದ ಕಡ್ಲೆಪುರಿ. ಆದರೂ "ಆಯ್ತು, ಓಗಮ" ಎಂದೆ.

ಬೆಳಿಗ್ಗೆ ಐದಕ್ಕೇ ಒಲೆ ಹಚ್ಚಿದೆ. ಒಲೆ ಹಚ್ಚಿದವಳು ಕೊನೇ ಎಲೆ ಎತ್ತುವವರೆಗೂ ಒಲೆ ಬಿಟ್ಟು ಕದಲಬಾರದು ಎಂಬುದು ನಮ್ಮ ಮನೆಯ ಕಟ್ಟು. ಇದು ನೆಪಕ್ಕೆ ಚೆನ್ನಾಗಿದೆ. ನಿಜ ಹೇಳಬೇಕೆಂದರೆ ಆ ಕಟ್ಟನ್ನು ಹಿಂದೆ ನನ್ನ ಅತ್ತೆಯೇ ಎಷ್ಟೋ ಸಲ ಮುರಿದಿದ್ದರು. ಒಲೆಯ ಮುಂದೆ ನನ್ನನ್ನು ಕೂರಿಸಿ ಸ್ನಾನಕ್ಕೆ, ದರ್ಶನಕ್ಕೆ ಹೋಗಿ ಬರುತ್ತಿದ್ದರು. ಮಾದಪ್ಪ ಏನೂ ಅಂದಿರಲಿಲ್ಲ.

ಅಕ್ಕ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ನನ್ನ ಪಕ್ಕ ನಿಂತಳು. "ಓಗಮೇನೆ?"

"ಒಸಿ ತಾಳು, ಬೇಳೆ ಬೇಯ್ಲಿ."

ಬೇಳೆ ಬೆಂದ ಮೇಲೆ ಕುಂಬಳಕಾಯಿ ಹಾಕುವುದಿತ್ತು. ಅದಾದ ಮೇಲೆ ಹುಳಿ. ನನ್ನ ಸೊಸೆ ಅಕ್ಕಿ ತೊಳೆಯುತ್ತಿದ್ದವಳು ತಲೆಯೆತ್ತಿ ಹೇಳಿದಳು: "ಅತ್ತೆ, ಓಗ್ಬನ್ನಿ. ಮೋಡ ಒಂಚೂರೂ ಇಲ್ಲ, ಚೆನ್ನಾಗಿ ಕಾಣ್ತದೆ. ಸಾಂಬಾರು ನಾ ನೋಡ್ಕತೀನಿ."

"ನೀ ಉಪ್ಪಾಕುದ್ರೆ ಮಾದಪ್ಪನೇ ಎದ್ಬಂದು ನೀರು ಕೇಳ್ತಾನೆ," ಎಂದೆ. ಸುತ್ತ ಇದ್ದವರು ನಕ್ಕರು. ಅವಳು ಮತ್ತೆ ಅಕ್ಕಿ ತೊಳೆಯತೊಡಗಿದಳು. ನನ್ನ ಸಾಂಬಾರಿಗೆ ಊರಲ್ಲಿ ಹೆಸರಿತ್ತು. ನೂರೊಂದು ಎಲೆಯ ಮುಂದೆ ಆ ಹೆಸರು ಬೇರೆಯವರ ಕೈಗೆ ಹೋಗುವುದು ನನಗೆ ಬೇಕಿರಲಿಲ್ಲ. ವಿಷಯ ಇಷ್ಟೇ.

ಅಕ್ಕ ಮತ್ತೊಂದು ಸಲ ಕೇಳಿದಳು. ಆಗ ನಾನು ಸೌಟು ಹಿಡಿದೇ ಗದರಿದೆ: "ಬೆಟ್ಟ ಎಲ್ಲಿಗೆ ಓಯ್ತದಕ್ಕ? ಅಲ್ಲೇ ಇರ್ತದೆ. ಜನ ಉಣ್ಲಿ, ಆಮೇಲೆ ಓಗಮ."

"ಅದೂ ಸರಿಯೆ ಕಣೆ," ಎಂದು ಅವಳು ಬಾಳೆ ಎಲೆ ಒರೆಸಲು ಕೂತಳು.

ಕೊನೇ ಎಲೆ ಎತ್ತುವಾಗ ಮೂರು ಗಂಟೆ. ಕೈ ತೊಳೆದು ಅಕ್ಕನ ಕೈ ಹಿಡಿದು ಮೆಟ್ಟಿಲಿಳಿದೆ. ತಿರುವು ಬಂತು, ಚಪ್ಪಡಿ ಕಲ್ಲೂ ಇತ್ತು. ಅದರಾಚೆ ಏನೂ ಇರಲಿಲ್ಲ. ಮಂಜು ಎದ್ದು ಎಲ್ಲವನ್ನೂ ಮುಚ್ಚಿತ್ತು. ಹತ್ತು ಮಾರಿನಾಚೆಯ ಬಿದಿರ ಮೆಳೆ ಕೂಡ ಕಾಣುತ್ತಿರಲಿಲ್ಲ. ಅಕ್ಕ ಕಲ್ಲಿನ ಮೇಲೆ ಕೂತು ಕಣ್ಣುಜ್ಜಿಕೊಂಡು, "ನನ್ನ ಕಣ್ಣಾ, ಇಲ್ಲ ನಿಂಗೂ ಇಂಗೇ ಕಾಣ್ತದಾ?" ಎಂದು ಕೇಳಿದಳು.

"ನಂಗೂ ಇಂಗೇ. ಮಂಜು."

ಕತ್ತಲಾಗುವ ಮುಂಚೆ ಹೊರಡಬೇಕೆಂದು ಡ್ರೈವರು ಹಾರನ್ ಹೊಡೆಯುತ್ತಿದ್ದ. ಅವಳು ಏಳಲಿಲ್ಲ. ತೆರೆಯಬಹುದು ಎಂದು ಕಾದಳು. ಮಂಜು ತೆರೆಯಲಿಲ್ಲ. "ಬುಡು, ಮುಂದುನ್ ವರ್ಷ ಬರಮ," ಎಂದು ಎದ್ದಳು. ಟೆಂಪೋದಲ್ಲಿ ಎಲ್ಲರೂ ಸಾಂಬಾರು ಹೊಗಳಿದರು. ಅವಳೂ ಹೊಗಳಿದಳು.

ಯುಗಾದಿಯ ಹೊತ್ತಿಗೆ ಅವಳಿಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ಕಾಣದಾಯಿತು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

ಅವಳನ್ನು ಮತ್ತೆ ಕರೆದುಕೊಂಡು ಹೋಗುವುದಕ್ಕೆ ನನಗೆ ಧೈರ್ಯ ಬರಲು ಇಷ್ಟು ವರ್ಷ ಬೇಕಾಯಿತು. ಹೋದ ಕಾರ್ತಿಕದಲ್ಲಿ ಇಬ್ಬರೇ ಬಸ್ಸಿನಲ್ಲಿ ಹೋದೆವು. ಪರ ಇಲ್ಲ, ಪಾತ್ರೆ ಇಲ್ಲ. ಮಾರನೇ ಬೆಳಿಗ್ಗೆ ಏಳಕ್ಕೆಲ್ಲ ಆ ಚಪ್ಪಡಿಯ ಮೇಲೆ ಕೂತಿದ್ದೆವು. ಆಕಾಶ ತೊಳೆದಿಟ್ಟಂತಿತ್ತು.

"ಯೋಳು ಮತ್ತೆ, ಎಂಗದೆ?" ಎಂದಳು ಅಕ್ಕ.

"ಬೆಟ್ಟ ಅವೆ. ಅಸ್ರುಗವೆ."

"ಸಂತೇಲಿ ಸೊಪ್ಪು ಕೂಗ್ದಂಗೆ ಕೂಗ್ತೀಯಲ್ಲೇ! ಸರ್ಯಾಗಿ ಯೋಳು."

ನಾನು ಹುಟ್ಟಿದ ಮೇಲೆ ಮೊದಲ ಸಲ ಆ ಬೆಟ್ಟಗಳನ್ನು ಕಣ್ಣಿಟ್ಟು ನೋಡಿದೆ. ಒಂದರ ಹಿಂದೆ ಒಂದು, ಮುಗಿಯುವುದೇ ಇಲ್ಲ. ಹತ್ತಿರದ್ದು ಬಿಸಿ ರಾಗಿಮುದ್ದೆಯ ಬಣ್ಣಕ್ಕಿತ್ತು, ಮೇಲೆ ಹಸಿರು ಉದುರಿಸಿದಂತೆ. ಅದರ ಹಿಂದಿನದು ರಾಗಿ ಅಂಬಲಿ. ಇನ್ನೂ ಹಿಂದೆ ನೀರು ಮಜ್ಜಿಗೆ. ಕಟ್ಟಕಡೆಯದು ಬೆಟ್ಟವೋ ಆಕಾಶವೋ ತಿಳಿಯುವಂತಿರಲಿಲ್ಲ. ಕೆಳಗೆ ಕಣಿವೆಯಲ್ಲಿ ಬಸಿದ ಗಂಜಿಯ ಹಾಗೆ ಮೋಡ ನಿಂತಿತ್ತು. ಬಿಸಿಲು ಬಿದ್ದ ಕಡೆ ಮರದ ತುದಿಗಳು ಒಂದೊಂದೇ ಮೇಲೆ ಬರುತ್ತಿದ್ದವು. ಹಾಗೇ ಹೇಳಿದೆ.

ಅಕ್ಕ ನಕ್ಕಳು. "ಎಲ್ಲಾನೂ ಅಡುಗೇನೆ ನಿಂಗೆ." ಎಡಗಡೆಗೆ ಕೈ ತೋರಿಸಿ ಕೇಳಿದಳು: "ಎಡಕ್ಕೆ, ಕೆಳುಗ್ಡೆ ಒಂದು ಬೋಳು ಬಂಡೆ ಅದೆ. ಅದರ ನೆತ್ತಿ ಮ್ಯಾಲೆ ಒಂಟಿ ಮರ. ಅಪ್ಪ ತೋರ್ಸಿದ್ದು. ಅದೆಯಾ ಇನ್ನೂವೆ?"

ಬಂಡೆ ಇತ್ತು. ಮೇಲೆ ಬರೀ ಬಿಸಿಲು. ಇದೆ ಎಂದು ಹೇಳಿಬಿಡೋಣ ಎನ್ನಿಸಿತು. ಇಷ್ಟೆಲ್ಲ ಆದ ಮೇಲೆ ಸುಳ್ಳು ಬೇರೆ ಹೇಳಲಾರದೆ ಹೋದೆ.

"ಬಂಡೆ ಅದೆ ಅಕ್ಕ. ಮರ ಇಲ್ಲ."

"ಇಲ್ವಾ?" ಅವಳು ಮುಖವನ್ನು ಆ ಕಡೆಗೇ ತಿರುಗಿಸಿಕೊಂಡಿದ್ದಳು. "ನೀ ಪರ ಮಾಡುದ್ ದಿನ ಇತ್ತೇನೆ?"

ಆ ಬೆಳಿಗ್ಗೆ ಆಕಾಶ ಹೀಗೇ ತಿಳಿಯಾಗಿತ್ತು. ನಾನು ಇತ್ತ ಬೆನ್ನು ಹಾಕಿ ಸಾಂಬಾರಿಗೆ ಉಪ್ಪು ನೋಡುತ್ತಿದ್ದೆ.