ವರ್ನಾಳ ಬಲಗೈ
ಸೆಡೂನಾ ಊರಿನ ಹೆದ್ದಾರಿ ಬದಿಯಲ್ಲಿ, ನನ್ನ ಟೈರ್ ಅಂಗಡಿಯ ಪಕ್ಕದಲ್ಲೇ, ವರ್ನಾ ಪ್ಯಾಸ್ಕೋ ಮೂವತ್ತು ವರ್ಷದಿಂದ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಾರಿಗೆ ಸಿಕ್ಕಿಸುವ ಕೊಂಡಿಗಳನ್ನೂ, ಆ ಕೊಂಡಿ ಕೂರುವ ಉಕ್ಕಿನ ಗುಂಡುಗಳನ್ನೂ ಮಾರುತ್ತಾಳೆ. ಕಾರಿನ ಹಿಂದಿನ ಗುಂಡನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರೆ ಸಾಕು, ಅಳತೆ ಹೇಳುತ್ತಾಳೆ. ಅಂಟಿದ ಮಣ್ಣು ಯಾವೂರಿನದೆಂದೂ ಹೇಳುತ್ತಾಳೆ. ಇದನ್ನು ಮಾಟ ಅನ್ನುವವರು ಒಂದು ದಿನವೂ ಕೈಕೆಲಸ ಮಾಡಿದವರಲ್ಲ.

ನಿನ್ನೆ ಲ್ಯಾಕ್ಲನ್ ಎಂಬ ಮುದುಕ ಕ್ಯಾರವಾನ್ ಎಳೆದುಕೊಂಡು ಬಂದ. ವರ್ನಾ ಅವನ ಕಾರಿನ ಗುಂಡನ್ನು ಬಲಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

“ದೂರದ ಉತ್ತರದ ಕಿಂಬರ್ಲಿ ಮಣ್ಣು,” ಅಂದಳು. “ಗುಂಡು ಅಮೆರಿಕದ್ದು, ಎರಡಿಂಚು. ನಿಮ್ಮ ಕೊಂಡಿ ಐವತ್ತು ಮಿಲಿಮೀಟರ್‌ದು.”

“ಎರಡೂ ಒಂದೇ ಅಲ್ವೇ ತಾಯಿ? ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ.”

“ಅಷ್ಟಕ್ಕೇ ಕೊಂಡಿ ಪೂರ್ತಿ ಕೂರಲ್ಲ. ಕೂತಂಗೆ ಕಾಣುತ್ತೆ ಅಷ್ಟೇ. ಹಳ್ಳ ಸಿಕ್ಕಿದ್ರೆ ಕ್ಯಾರವಾನೇ ನಿಮ್ಮನ್ನ ಹಿಂದೆ ಹಾಕಿ ಹೋಗುತ್ತೆ.”

ಸರಿಯಾದ ಗುಂಡು ಕೂರಿಸಿ, ಕೊಂಡಿ ಬಿಗಿದು, ಕ್ಯಾರವಾನಿನ ಮೂತಿಯನ್ನು ಜಾಕಿಯಿಂದ ಎತ್ತಿದಳು. ಕಾರಿನ ಹಿಂಭಾಗವೂ ಜೊತೆಗೆ ಎದ್ದಿತು.

“ಈಗ ಕೂತಿದೆ.”

“ಕಿಂಬರ್ಲೀಲಿ ಎಷ್ಟು ದಿನ ಇದ್ರಿ ನೀವು?” ಲ್ಯಾಕ್ಲನ್ ಕೇಳಿದ.

“ನಾನಾ? ಪಕ್ಕದೂರು ಪೆನೊಂಗ್ ಕೂಡ ದಾಟಿಲ್ಲ.”

ಮಧ್ಯಾಹ್ನ ವರ್ನಾ ಪೈ ತಿಂದದ್ದು ಎಡಗೈಯಲ್ಲಿ. ಬಲಗೈಗೆ ಅಂಟಿದ ಕಿಂಬರ್ಲಿಯ ಕೆಂಪು ಮಣ್ಣನ್ನು ಅವಳಿನ್ನೂ ತೊಳೆದಿರಲಿಲ್ಲ.