ಅಣ್ಣನಿಗೆ ಹೆಚ್ಚಿಕೊಟ್ಟ ಖರಬೂಜ

ಅಣ್ಣನಿಗೆ ಆ ಖರಬೂಜ ಹಣ್ಣನ್ನು ಹೆಚ್ಚಿಕೊಟ್ಟವನು ನಾನು. ವೈನಿ ಅಲ್ಲ. ಅಣ್ಣನ ಹೆಂಡತಿ, ನನ್ನ ವೈನಿ, ಕೊಟ್ಟದ್ದು ಅರ್ಧ ಬಾಳೆಹಣ್ಣು, ಅಷ್ಟೇ — ಆ ಅರ್ಧ ಬಾಳೆಹಣ್ಣಿನ ಮೇಲೆ ಒಂದು ಸಾವಿನ ಭಾರವನ್ನೆಲ್ಲ ಹೊರಿಸಿ ನಾನು ಇಷ್ಟು ವರ್ಷ ಉಂಡು, ಮಲಗಿ, ಎದ್ದು ಬಾಳಿದ್ದೇನೆ.

ಅಣ್ಣನ ಮನೆ ಧಾರವಾಡದ ಕೆಲಗೇರಿಯಲ್ಲಿ. ಎರಡೂ ಮೂತ್ರಪಿಂಡಗಳು ಕೈಕೊಟ್ಟು, ಡಯಾಲಿಸಿಸ್‌ಗೆ ಹೋಗಿಬರುವುದೇ ಅವನ ಕೆಲಸವಾಗಿದ್ದಾಗ ಹಿತ್ತಲಿನಲ್ಲಿ ಖರಬೂಜ ಬೆಳೆಸುವ ಹುಚ್ಚು ಹಿಡಿಯಿತು. ಕೆಮ್ಮಣ್ಣಿಗೆ ಉಸುಕು, ಸಗಣಿಗೊಬ್ಬರ ಬೆರೆಸಿ ಮಡಿ ಮಾಡಿದ. ಮುಂಜಾನೆ ಗಂಡುಹೂ ಕಿತ್ತು ಹೆಣ್ಣುಹೂವಿನ ಬಾಯಿಗೆ ತಾನೇ ಒರೆಸುತ್ತಿದ್ದ — ಜೇನುಹುಳ ಬರುವ ತನಕ ಕಾಯುವಷ್ಟು ವೇಳೆ ತನಗಿಲ್ಲ ಎಂಬಂತೆ. ಕಾಯಿಯ ಅಡಿಗೆ ಒಣಹುಲ್ಲು ಹಾಸುತ್ತಿದ್ದ. ತೊಟ್ಟಿನ ಸುತ್ತ ಬಿರುಕು ಬಿಟ್ಟು, ಮುಟ್ಟಿದರೆ ಸಾಕು ಕಳಚಿ ಕೈಗೆ ಬರುವ ಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ನೆರೆಯವರಿಗೆ ಕೊಟ್ಟುಬಿಡುತ್ತಿದ್ದ. ಅವನಿಗದು ವಿಷ. ಅದರಲ್ಲಿರುವ ಪೊಟ್ಯಾಶಿಯಂ ರಕ್ತದಲ್ಲಿ ಉಳಿದರೆ ಎದೆಬಡಿತ ನಿಂತೀತೆಂದು ಡಾಕ್ಟರರು ನನ್ನೆದುರಿಗೇ ಹೇಳಿದ್ದರು. ನನ್ನೆದುರಿಗೇ — ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ವೈನಿ ಕಾಯಿಪಲ್ಲೆ ಕುದಿಸಿ, ಆ ನೀರು ಬಸಿದು, ಮತ್ತೆ ಬೇಯಿಸಿ ಬಡಿಸುತ್ತಿದ್ದರು. ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದರು. ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಅಣ್ಣನನ್ನು ಕೈದಿಯ ಹಾಗೆ ಇಟ್ಟಿದ್ದಾರೆ ಎಂದು. ಅವನನ್ನು ಉಳಿಸಿದ್ದೇ ಆ ಕಾವಲು ಎಂಬುದು —

ಆ ರವಿವಾರ ವೈನಿ ಚರ್ಚಿಗೆ ಹೋಗಿದ್ದರು. ಅಣ್ಣನನ್ನು ನೋಡಿಕೊಳ್ಳಲು ನಾನು ಹುಬ್ಬಳ್ಳಿಯಿಂದ ಬಂದಿದ್ದೆ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಣ್ಣಿಟ್ಟುಕೊಂಡು ಅವನು ಕೇಳಿದ: "ನಾನಽ ಬೆಳದದ್ದು. ರುಚಿ ಹೆಂಗೈತಿ ಅನ್ನೂದನ್ನ ಮಂದಿ ಬಾಯಿಂದ ಕೇಳಕೋತನಽ ಸಾಯಬೇಕೇನೋ ತಮ್ಮಾ?"

ಕರುಣೆಯಿಂದ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಖರೆಯಲ್ಲ. ಹೆಂಡತಿ ಕೊಡದ್ದನ್ನು ತಮ್ಮ ಕೊಟ್ಟ ಎಂದು ಅವನು ಅಂದುಕೊಳ್ಳಲಿ — ಅದು ನನಗೆ ಬೇಕಾಗಿತ್ತು. ಒಂದು ಹೋಳು ಕೊಟ್ಟೆ. ಮತ್ತೊಂದು ಕೇಳಿದ. ಹಣ್ಣು ತೀರುವ ತನಕ ಹೆಚ್ಚುತ್ತಲೇ ಇದ್ದೆ. ರಸ ಗದ್ದಕ್ಕಿಳಿಯುತ್ತಿದ್ದಂತೆ ಅವನು ನಕ್ಕ. ಸಿಪ್ಪೆಯನ್ನು ಗೊಬ್ಬರದ ಗುಂಡಿಯಲ್ಲಿ ಹೂತು ಚಾಕು ತೊಳೆದಿಟ್ಟೆ.

ಸಂಜೆಗೆ ಅವನ ಕೈಕಾಲಿನ ಬಲ ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು.

"ಏನರ ತಿಂದಿದ್ರೇನ್ರಿ? ಹಣ್ಣು, ಎಳನೀರು?" ಡಾಕ್ಟರರು ಅವಸರದಲ್ಲಿ ಕೇಳಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ವೈನಿ, "ಮುಂಜಾನೆ ಅರ್ಧ ಬಾಳಿಹಣ್ಣು ಕೊಟ್ಟೇನ್ರಿ... ಭಾಳ ಕಾಡಿದ್ರು," ಎಂದರು.

ತೆರೆದ ಬಾಯಿಂದ ಬೇರೆಯೇ ಮಾತು ಬಂತು. "ಯಾಕ ಕೊಟ್ರಿ, ವೈನಿ?"

ಬೆಳಗಾಗುವುದರೊಳಗೆ ಅಣ್ಣ ಹೋದ. ಖರೆ ಹೇಳಿದ್ದರೆ ಉಳಿಯುತ್ತಿದ್ದನೇ — ಯಾವ ಡಾಕ್ಟರರನ್ನೂ ಕೇಳುವ ಧೈರ್ಯ ನನಗಾಗಿಲ್ಲ.

ಆಸ್ಪತ್ರೆಯಲ್ಲಿ ನಾನಾಡಿದ ಮಾತು ಬಂಧುಗಳ ಬಾಯಿಗೆಲ್ಲ ಹರಡಿತು. ಬೆಳಗಾವಿಯಿಂದ ಓಡಿಬಂದ ಅಣ್ಣನ ಒಬ್ಬಳೇ ಮಗಳು ಶಾಂತಿ, ಹೆಣದ ಮುಂದೆಯೇ, "ಅಪ್ಪನ್ನ ನೀನಽ ಕೊಂದಿ," ಎಂದು ತಾಯಿಗೆ ಅಂದಳು. ಮಣ್ಣಾದ ಮೇಲೆ ಬರುವುದನ್ನೇ ಬಿಟ್ಟಳು. ವೈನಿ ಇನ್ನೂ ಹಸಿರುಕಾಯಿ ಹೊತ್ತಿದ್ದ ಬಳ್ಳಿಗಳನ್ನೆಲ್ಲ ತಾವೇ ಕಿತ್ತೊಗೆದರು. ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಸರಿದರು. ನಾನು ಮಾತ್ರ ಹೋಗಿಬರುತ್ತಿದ್ದೆ. ಒಮ್ಮೆ ಚಹಾ ಕೊಡುತ್ತ ಅಂದರು: "ಆವತ್ತ ಒಂದ ಸಲ ಕೇಳಿದ್ರಿ, ಆಮ್ಯಾಲೆ ಎಂದೂ ಆ ಮಾತ ಎತ್ತಲಿಲ್ಲ. ದೊಡ್ಡ ಮನಸ್ಸು ನಿಮ್ಮದು."

ನಾನು ಚಹಾ ಕುಡಿದೆ.

ಈ ವರ್ಷ ಕೊನೆಗೂ ಅವರಿಗೆ ಹೇಳಿದೆ. ಅವರ ನೆನಪು ಅಳಿಯತೊಡಗಿದ ಮೇಲೆಯೇ ನನಗೆ ಧೈರ್ಯ ಬಂತು — ಇದನ್ನೂ ಮುಚ್ಚಿಡಬಾರದು. ಸಮಾಧಾನದಿಂದ ಕೇಳಿ, ನನಗೇ ತಿಳಿಹೇಳುವಂತೆ, "ಇಲ್ರಿ, ಕೊಟ್ಟಾಕಿ ನಾನಽ. ಬಾಳಿಹಣ್ಣು," ಎಂದರು.

ಶಾಂತಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಫೋನ್ ಇಟ್ಟಳು. ಮರುದಿನ ಬಂದಳು. ವೈನಿಗೆ ಮಗಳ ಹೆಸರು ನೆನಪಾಗಲಿಲ್ಲ. ಮುಖ ನೋಡಿ ಮಂಚದ ಮೂಲೆಗೆ ಸರಿದರು. "ಬೈಬ್ಯಾಡವಾ... ಅರ್ಧಽ ಕೊಟ್ಟೆ."

ಶಾಂತಿ ತಾಯಿಯ ಪಾದ ಹಿಡಿದು, "ನಿಂದೇನೂ ತಪ್ಪಿಲ್ಲವ್ವಾ," ಎಂದು ಅತ್ತಳು. ವೈನಿ "ಅರ್ಧಽ, ಅರ್ಧಽ" ಎನ್ನುತ್ತಲೇ ಇದ್ದರು. ಆಗ ಶಾಂತಿ ನನ್ನತ್ತ ತಿರುಗಿದಳು. "ಹೇಳ್ರಿ ಕಾಕಾ. ನನ್ನ ಮುಂದ ಹೇಳ್ರಿ ಆಕಿಗೆ."

ಹೇಳಿದೆ. ವೈನಿ ತಲೆ ಅಲ್ಲಾಡಿಸಿದರು.

"ಮತ್ತ ಹೇಳ್ರಿ."

ಈಗ ದಿನಾಲೂ ಕೆಲಗೇರಿಗೆ ಹೋಗುತ್ತೇನೆ. ಮಂಚದ ಹತ್ತಿರ ಕೂತು, ಹಣ್ಣು ಕೊಟ್ಟವನು ನಾನು ಎಂದು ಹೇಳುತ್ತೇನೆ. ಅವರು ನಂಬುವುದಿಲ್ಲ.