ಅಕ್ಕನಿಗೆ ನೆಗಡಿಯಾದರೆ ಗ್ಯಾರೇಜಿಗೆ ರಜೆ

ಬೀದಿದೀಪ ಇನ್ನೂ ಆರಿಲ್ಲ. ಗ್ಯಾರೇಜಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು, ಬೈಕಿನ ಟ್ಯಾಂಕಿನ ಕೆಳಗೆ ಮುಖವಿಟ್ಟು ಮೂಸುತ್ತಿದ್ದಾರೆ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದ ಗಂಡ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನಿಂತಿದ್ದಾರೆ. ಬೈಕಿನ ಯಜಮಾನರು ಮನೆಮನೆಗೆ ಹಾಲು ಹಾಕುವವರು. ಬಾಗಿಲಲ್ಲಿ ಚಡಪಡಿಸುತ್ತಿದ್ದಾರೆ.

"ಆಯ್ತಾ ಅಕ್ಕಾ? ಲೇಟಾದ್ರೆ ಜನ ಬೈತಾರೆ."

"ಬೈದ್ರೆ ಬೈಸ್ಕೊಳಪ್ಪ. ಸ್ವಲ್ಪ ನಿಂತ್ಕೋ."

ಅಕ್ಕನ ಗಂಡ ಮೆಕ್ಯಾನಿಕ್, ತಮ್ಮ ಕೆಲಸದಲ್ಲಿ ಎತ್ತಿದ ಕೈ. ಆದರೆ ಕೆಲವು ವರ್ಷಗಳ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಈಗ ಅವರಿಗೆ ಸೋಪೂ ಒಂದೇ, ಗ್ರೀಸೂ ಒಂದೇ. ಬೇರೆಯವರಿಗಾದರೆ ಊಟ ಸಪ್ಪೆಯಾಗಿ ಅಷ್ಟಕ್ಕೇ ಮುಗಿಯುತ್ತಿತ್ತು. ದಿನವಿಡೀ ಪೆಟ್ರೋಲಿನ ಜೊತೆ ಬದುಕುವವರಿಗೆ ಹಾಗಲ್ಲ. ಒಮ್ಮೆ ಕಾಲಡಿಯಲ್ಲೇ ಪೆಟ್ರೋಲ್ ಹರಿಯುತ್ತಿದ್ದರೂ ಗೊತ್ತಾಗದೆ ವೆಲ್ಡಿಂಗ್‌ಗೆ ಕೈ ಹಾಕಿದ್ದರಂತೆ. ಊಟ ತಂದ ಹೆಂಡತಿ ಬಾಗಿಲಿನಿಂದಲೇ ಕಿರುಚಿದ್ದಕ್ಕೆ ಬಚಾವು.

"ಅವತ್ತೇ ಗ್ಯಾರೇಜಿಗೆ ಬೀಗ ಹಾಕಿ ಮನೇಲಿ ಕೂತ್ಬಿಟ್ರು. ಮಾತಿಲ್ಲ ಕತೆಯಿಲ್ಲ. ನನ್ ಕೈಲಿ ನೋಡಕ್ಕಾಗ್ಲಿಲ್ಲ. ರೀ, ಕೈ ನಿಮ್ದೇ ಇರ್ಲಿ, ಮೂಗು ನಾನು ತರ್ತೀನಿ, ನಡೀರಿ ಅಂದೆ," ಎಂದು ಅಕ್ಕ ನಗುತ್ತಾರೆ.

ಹೀಗೆ ಬಂದವರು ಕೆಲಸವನ್ನೂ ಕಲಿತಿದ್ದಾರೆ. ಹಳೆಯ ಬೈಕುಗಳಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ತಾನಾಗಿಯೇ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಹೊಸ ಬೈಕುಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಅದನ್ನು ಒತ್ತಿ ತಳ್ಳುತ್ತದೆ. ಎಂಜಿನ್ ಬಳಿಯ ಇಂಜೆಕ್ಟರ್ ಅದನ್ನು ಸಣ್ಣಗೆ ಸಿಂಪಡಿಸುತ್ತದೆ. ಒತ್ತಡ ಹದ ತಪ್ಪದಂತೆ ಕಾಯುವುದು ರೆಗ್ಯುಲೇಟರ್.

"ಕುಕ್ಕರ್ ಮೇಲೆ ವೆಯ್ಟ್ ಇರುತ್ತಲ್ಲ, ಹಂಗೇ ಇದು. ಒತ್ತಡ ಜಾಸ್ತಿಯಾದ್ರೆ ಬಿಟ್ಬಿಡುತ್ತೆ. ಆದ್ರೆ ಬಿಟ್ಟಿದ್ದು ಹೊರಗೆ ಹೋಗಲ್ಲ, ವಾಪಸ್ ಟ್ಯಾಂಕಿಗೇ ಬೀಳುತ್ತೆ," ಎನ್ನುತ್ತಾರೆ ಅಕ್ಕ.

ಹಾಲಿನವರ ಬೈಕು ಏರು ಬಂದರೆ ಸಾಕು, ಮುಗ್ಗರಿಸುತ್ತಿತ್ತು. ರೆಗ್ಯುಲೇಟರಿನ ಸ್ಪ್ರಿಂಗ್ ಸೋತು, ಎಂಜಿನ್‌ಗೆ ಹೋಗಬೇಕಾದ ಪೆಟ್ರೋಲಿನಲ್ಲಿ ಒಂದಿಷ್ಟು ಟ್ಯಾಂಕಿಗೇ ಮರಳುತ್ತಿತ್ತು. ಮೆಕ್ಯಾನಿಕ್ ನಿನ್ನೆ ಹೊಸದು ಹಾಕಿದ್ದಾರೆ. ಆದರೆ ಅಕ್ಕ ಮೂಸಿ ನೋಡುವ ತನಕ ಯಾವ ಬೈಕೂ ಹೊಸಿಲು ದಾಟುವಂತಿಲ್ಲ. ಅವರಿಗೆ ನೆಗಡಿಯಾದ ದಿನ ಗ್ಯಾರೇಜಿಗೇ ರಜೆ. ಹಾಗಾಗಿ ಬೀದಿಯವರೆಲ್ಲ ಅವರ ಆರೋಗ್ಯ ವಿಚಾರಿಸುತ್ತಾರೆ, ಬರೀ ಪ್ರೀತಿಯಿಂದಲೇ ಎಂದು ನಾನಂತೂ ನಂಬುವುದಿಲ್ಲ.

ಮೆಕ್ಯಾನಿಕ್ ಮತ್ತೊಮ್ಮೆ ಕೀಲಿ ತಿರುಗಿಸುತ್ತಾರೆ. ಪಂಪ್ ಗುಂಯ್ ಎಂದು ಸುಮ್ಮನಾಗುತ್ತದೆ. ಅಕ್ಕನ ಹುಬ್ಬು ಗಂಟಿಕ್ಕುತ್ತದೆ.

"ರೀ, ವಾಸನೆ ಬರ್ತಿದೆ."

"ಗೇಜಲ್ಲಿ ಒತ್ತಡ ಸರಿಯಾಗೇ ಇದೆಯಲ್ಲೇ."

"ಇರ್ಲಿ. ಬಿಚ್ಚಿ."

ಅವರು ಬಿಚ್ಚುತ್ತಾರೆ. ಪೈಪು ಸೇರುವಲ್ಲಿನ ರಬ್ಬರ್ ರಿಂಗ್ ಒಂದು ಬದಿ ಮಡಚಿಕೊಂಡಿದೆ. ಕೆಳಗೇ ಎಂಜಿನ್. ಅದು ಕಾದ ಮೇಲೆ ಅಲ್ಲಿ ಪೆಟ್ರೋಲ್ ಜಿನುಗಿದ್ದರೆ? ಹಾಲಿನವರು ಚಡಪಡಿಕೆ ಮರೆತು ಗೋಡೆಗೊರಗುತ್ತಾರೆ. "ಮಗಳನ್ನ ಮುಂದೆ ಕೂರಿಸ್ಕೊಂಡು ಹೋಗ್ತೀನಕ್ಕಾ ದಿನಾ, ಟ್ಯಾಂಕ್ ಮೇಲೇ," ಎನ್ನುತ್ತಾರೆ. "ಅದಕ್ಕೇ ನಿಂತ್ಕೋ ಅಂದಿದ್ದು," ಎಂದು ಅಕ್ಕ ಅವರ ಕೈಗೆ ನೀರಿನ ಲೋಟ ಕೊಡುತ್ತಾರೆ.

ಹೊಸ ರಿಂಗ್ ಕೂರಿಸಿ, ಮತ್ತೆ ಮೂಸಿ, ಬೈಕು ಹೊರಟ ಮೇಲೆ, ನಿಮಗೇನು ಆಸೆ ಎಂದು ಅಕ್ಕನನ್ನು ಕೇಳುತ್ತೇನೆ.

"ಇವರ ಮೂಗು ಸರಿಹೋದ್ರೆ ಸಾಕು. ಡಾಕ್ಟ್ರು ಆಸೆ ಬಿಡಬೇಡಿ ಅಂದಿದ್ದಾರೆ. ಆಮೇಲೆ ನಾನು ಬಿಸಿಲು ಬರೋ ತನಕ ಮಲಗ್ತೀನಿ."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಬರುತ್ತಾರೆ. ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸುತ್ತಾರೆ.

"ಸರಿಹೋದ್ರೂ ನಾನು ಹೇಳಲ್ಲ, ಸಾರ್."